ಬುರುಲ್ಚಾ ಕಡಿಸಿದ ಪಾಪ್ಲರ್ ಮರಗಳು

ನನ್ನ ಅಕ್ಷರ ಸೊಟ್ಟಗಿದೆ. ಶಾಲೆ ಅರ್ಧಕ್ಕೇ ಬಿಟ್ಟವಳು, ಮಾತು ತಪ್ಪಿದ್ದರೆ ಕ್ಷಮಿಸಿ. ಇದು ನಮ್ಮ ಪಕ್ಕದ ಮನೆಯ ಬುರುಲ್ಚಾ ಅಜ್ಜಿಯ ಕಥೆ.

ಮಗ ನುರ್ದಿನ್ ತನ್ನ ಚೊಚ್ಚಲ ಕೂಸು ಸಾಯ್ಕಲಳನ್ನು ಮೊದಲ ಮಗುವನ್ನು ಅಜ್ಜಿಯೇ ಸಾಕುವ ನಮ್ಮ ಪದ್ಧತಿಯಂತೆ ತನ್ನ ತಾಯಿಯ ಮಡಿಲಿಗೆ ಹಾಕಿ, ಹೆಂಡತಿಯೊಡನೆ ನಾರಿನ್‌ನ ಬೆಟ್ಟದೂರಿಗೆ ಹೋದ. ಗಂಡ ತೀರಿಕೊಂಡಿದ್ದ ಬುರುಲ್ಚಾಗೆ ಆ ಮಗುವೇ ಮನೆಯ ದೀಪವಾಯಿತು. ಸಾಯ್ಕಲ್ ಅವಳನ್ನು ಅಮ್ಮ ಎನ್ನುತ್ತಿದ್ದಳು, ಹೆತ್ತವಳನ್ನು ಅಕ್ಕ ಎನ್ನುತ್ತಿದ್ದಳು.

ಮಗುವಿಗೆ ಐದು ತುಂಬಿದ ಬೇಸಿಗೆಯಲ್ಲಿ ಕಣ್ಣು ಕೆಂಪಾಗಿ, ಎದೆ ಗೊರಗೊರ ಎನ್ನತೊಡಗಿತು. ಬಿಷ್ಕೆಕ್ ಅಂಚಿನ ನಮ್ಮ ಬೀದಿಯಲ್ಲಿ ಆಗ ಪಾಪ್ಲರ್ ಮರಗಳ ಬಿಳಿ ಹತ್ತಿ ಹಾರುವ ಕಾಲ. ಎಲ್ಲರೂ ಅದನ್ನೇ ದೂರಿದರು. ಹೀಗೇ ಆದರೆ ಮಗುವನ್ನು ಕರೆದೊಯ್ಯಬೇಕಾಗುತ್ತದೆ ಎಂದು ನುರ್ದಿನ್ ಫೋನಿನಲ್ಲಿ ಮೆಲ್ಲಗೆ ಹೇಳಿದ. ಮನೆಗೂ ಹೆದ್ದಾರಿಗೂ ನಡುವೆ ಗಂಡ ಸಾಲಾಗಿ ನೆಟ್ಟಿದ್ದ ಮರಗಳನ್ನು ಕಡಿಸಲು ಬುರುಲ್ಚಾ ಎದುರುಮನೆಯ ಅಸನ್‌ಕುಲ್‌ನನ್ನು ಕರೆದಳು.

"ಅಲ್ಲ ಅತ್ತಿಗೆ, ಅಣ್ಣ ಕನಸಲ್ಲಿ ಬಂದು ನನ್ನ ಮರ ಎಲ್ಲೇ ಅಂದ್ರೆ ಏನ್ ಹೇಳ್ತೀಯ?"

"ಮಗು ಉಸಿರಾಡ್ಲಿ ಅಂತ ಕಡಿಸ್ದೆ ಅಂತೀನಿ. ನೀನು ಬಾಯಿ ಮುಚ್ಚಿ ಕೊಡಲಿ ಎತ್ತು."

ಮರ ಬೀಳುವಾಗ ಮಾತ್ರ ಅವಳು ಒಳಗೆ ಹೋಗಿ ಕೂತಳು.

ನೆರಳು ಹೋದ ಜಾಗದಲ್ಲಿ ಕಾಡು ಮಾಚಿಪತ್ರೆ ಸೊಂಟದೆತ್ತರ ಬೆಳೆಯಿತು. ತಡೆಯಿಲ್ಲದೆ ಲಾರಿಗಳ ಹೊಗೆ, ಧೂಳು ನೇರ ಕಿಟಕಿಗೆ ಬಂತು. ಆಗಸ್ಟ್‌ನಲ್ಲಿ ಆ ಗಿಡ ಹೂ ಬಿಟ್ಟಾಗ ಸಾಯ್ಕಲಳ ತುಟಿ ನೀಲಿಯಾಯಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು.

ಮಗು ಸುಧಾರಿಸಿದ ಮೇಲೆ ಡಾಕ್ಟರಮ್ಮ ಬುರುಲ್ಚಾಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಹಾರುವ ಹತ್ತಿ ಪರಾಗವಲ್ಲ, ಬೀಜದ ಅರಳೆ. ಜೂನ್‌ನಲ್ಲಿ ಮಗುವನ್ನು ಕಾಡಿದ್ದು ಅದೇ ಹೊತ್ತಿಗೆ ಹೂ ಬಿಡುವ ಹುಲ್ಲಿನ ಪರಾಗ, ಈಗ ಕಾಡಿದ್ದು ಮಾಚಿಪತ್ರೆಯದು. ವಾಹನದ ಹೊಗೆ ತಗುಲಿದರೆ ಪರಾಗ ಇನ್ನಷ್ಟು ಕೆಡುಕು ಮಾಡುತ್ತದೆ, ಹೊಗೆಗೆ ಹುಣ್ಣಾದ ಎದೆ ಅದನ್ನು ತಾಳಲಾರದು. ಮರಗಳಿದ್ದಿದ್ದರೆ ಧೂಳನ್ನಾದರೂ ಒಂದಿಷ್ಟು ತಡೆಯುತ್ತಿದ್ದವು.

"ಹಾಗಾದ್ರೆ ನಾನೇ..." ಎಂದಳು ಬುರುಲ್ಚಾ.

ನುರ್ದಿನ್ ಬಂದ. ಕೊಟ್ಟ ಮಗುವನ್ನು ವಾಪಸ್ ಪಡೆಯುವುದು ನಮ್ಮಲ್ಲಿ ನಾಚಿಕೆಯ ವಿಷಯ. ಚಹಾ ಬಟ್ಟಲನ್ನು ತಿರುಗಿಸುತ್ತಾ, "ಅಮ್ಮಾ, ಇವಳು ಯಾವತ್ತೂ ನಿನ್ನ ಮಗಳೇ. ಅಲ್ಲಿ ಗಾಳಿ ಚೆನ್ನಾಗಿದೆ, ಅಷ್ಟೇ," ಎಂದ.

ಬೆಟ್ಟದ ಚಳಿಗೆಂದು ಬುರುಲ್ಚಾ ಮಗುವಿಗೆ ಕೋಟು ತೊಡಿಸಿದಳು, ಗುಂಡಿ ತಪ್ಪಿಸಿ ಹಾಕಿ ಮತ್ತೆ ಬಿಚ್ಚಿದಳು.

"ಅಮ್ಮಾ, ನೀನ್ಯಾಕೆ ಕೋಟು ಹಾಕ್ಕೊಂಡಿಲ್ಲ?"

"ಹಸು ಕರೀಬೇಕಲ್ಲ ಕಂದಾ. ನೀನು ಮುಂದೆ ನಡಿ."

ಕಾರು ಹೋದ ಮೇಲೂ ಅವಳು ಬೋಳು ಬುಡಗಳ ನಡುವೆ ನಿಂತೇ ಇದ್ದಳು.

ಈ ವಸಂತದಲ್ಲಿ ಫೋನ್ ಮಾಡಿದಾಗ ಸಾಯ್ಕಲ್ ಅವಳನ್ನು ಅಜ್ಜಿ ಎಂದಳು. ಬುರುಲ್ಚಾ "ಹೂಂ, ಅಜ್ಜೀನೇ," ಎಂದು ಊಟವಾಯಿತೇ ಎಂದು ಕೇಳಿದಳು.

ಈಗ ಜೂನ್. ಮಾಚಿಪತ್ರೆ ಮತ್ತೆ ಮೊಣಕಾಲೆತ್ತರ ಬಂದಿದೆ. ಅಜ್ಜಿಗೆ ಬಗ್ಗಲು ಆಗುವುದಿಲ್ಲ. ಸಾಯ್ಕಲ್ ಎಂದಾದರೂ ಬಂದಾಳು; ಅದು ಹೂ ಬಿಡುವ ಮೊದಲೇ ನಾಳೆ ಬೆಳಿಗ್ಗೆ ನಾನು ಹೋಗಿ ಬೇರುಸಹಿತ ಕೀಳುತ್ತೇನೆ.