ಧರ್ಮಪ್ಪ ಮೇಷ್ಟ್ರು ಮತ್ತು ಹಾಲಿನ ಸಕ್ಕರೆ

ನಾನು ಕನ್ನಡ ಮೇಷ್ಟ್ರು, ವಿಜ್ಞಾನವೆಂದರೆ ಅಷ್ಟಕ್ಕಷ್ಟೆ. ಆದರೂ ನ್ಯಾಮತಿಯ ನಮ್ಮ ಹೈಸ್ಕೂಲಿನಲ್ಲಿ ಧರ್ಮಪ್ಪ ಮೇಷ್ಟ್ರು ಕಾರ್ಬೋಹೈಡ್ರೇಟ್ ಪಾಠ ಮಾಡುವ ದಿನ ಪಕ್ಕದ ಕೋಣೆಯಲ್ಲಿ ನನ್ನ ವ್ಯಾಕರಣ ನಿಂತುಹೋಗುತ್ತಿತ್ತು. ಮಕ್ಕಳ ಕೈಗೆ ಜೋಳದ ರೊಟ್ಟಿಯ ಚೂರು ಕೊಟ್ಟು, ನುಂಗದೆ ಅಗಿಯಿರಿ ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಯಾರಾದರೂ, "ಸಾರ್, ಸಿಹಿ ಆಗಾಕೆ ಹತ್ತೈತೆ!" ಎಂದು ಕೂಗುತ್ತಿದ್ದರು.

"ರೊಟ್ಟಿಯೊಳಗಿನ ಪಿಷ್ಟ ಅಂದ್ರೆ ಗ್ಲೂಕೋಸಿನ ಉದ್ದನೆ ಮಣಿಸರ. ನಿಮ್ಮ ಜೊಲ್ಲಿನಾಗಿನ ಕಿಣ್ವ ಅದನ್ನ ತುಂಡು ಮಾಡೋ ಕತ್ತರಿ. ಹಾಲಿನ ಸಕ್ಕರೆ ಲ್ಯಾಕ್ಟೋಸಿಗೆ ಎರಡೇ ಮಣಿ, ಒಂದು ಗ್ಲೂಕೋಸು, ಒಂದು ಗ್ಯಾಲಕ್ಟೋಸು. ಅದನ್ನ ಬಿಡಿಸಾಕೆ ಬೇರೆ ಕತ್ತರಿ ಬೇಕು. ಅದು ಎಳೆಮಕ್ಕಳ ಕರುಳಿನಾಗೆ ಇರ್ತತೆ, ದೊಡ್ಡೋರಾದ ಮೇಲೆ ಸುಮಾರು ಜನಕ್ಕೆ ಕಮ್ಮಿ ಆಗ್ತತೆ. ನಾನು ಒಂದು ಲೋಟ ಹಾಲು ಕುಡಿದ್ರೆ ಮುಗೀತು, ಹೊಟ್ಟೆ ನಗಾರಿ!"

ಅದಕ್ಕೇ ಸ್ಟಾಫ್ ರೂಮಿನಲ್ಲಿ ಅವರಿಗೊಬ್ಬರಿಗೆ ಕರಿ ಟೀ. "ಹಾಲಿನ ದುಡ್ಡು ಉಳಿಸಿ ಎಮ್ಮೆ ಕಟ್ತೀರೇನ್ರಿ?" ಎಂದು ನಾನು ಕಾಲೆಳೆಯುತ್ತಿದ್ದೆ. ಮಜ್ಜಿಗೆಯಾದರೆ ತೊಂದರೆಯಿಲ್ಲ, ಬ್ಯಾಕ್ಟೀರಿಯಾಗಳು ಅರ್ಧ ಕೆಲಸ ಮುಗಿಸಿಟ್ಟಿರುತ್ತವೆ ಎನ್ನುತ್ತಿದ್ದರು. ಆದರೆ ಅವರು ಯಾರ ಮನೆಯಲ್ಲೂ ಮಜ್ಜಿಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಯಾಕೆಂದು ವಿಚಾರಿಸುವ ಬುದ್ಧಿಯೂ ನನಗೆ ಬರಲಿಲ್ಲ.

ಈ ವರ್ಷ ಸಾಸ್ವೆಹಳ್ಳಿಯ ನಮ್ಮ ಸೋದರತ್ತೆ ಉಡಚಮ್ಮನ ಮೊಮ್ಮಗಳು, ನಮ್ಮ ಹೈಸ್ಕೂಲಿನಲ್ಲೇ ಓದಿದ ಕಲ್ಪನಾಗೆ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ನೂರಕ್ಕೆ ನೂರು ಬಂತು. ಪಾಠ ಹೇಳಿದ ಮೇಷ್ಟ್ರನ್ನು ಮನೆಗೆ ಕರೆತಾ ಎಂದು ಅತ್ತೆ ಹಟ ಹಿಡಿದರು. ಧರ್ಮಪ್ಪನವರದೂ ಅದೇ ಊರು. ಇಬ್ಬರೂ ಅವರ ಬೈಕಿನಲ್ಲಿ ಹೊರಟೆವು. ಊರ ಹೊರಗೆ ಅವರು ಬೈಕು ನಿಲ್ಲಿಸಿದರು.

"ಆ ಮನೆ ಹಿತ್ತಲು ನನಗೆ ಗೊತ್ತು ಸಿದ್ದಲಿಂಗೇಶ್, ಪಡಸಾಲೆ ಗೊತ್ತಿಲ್ಲ. ಸಣ್ಣವನಿದ್ದಾಗ ಅಪ್ಪನ ಜೊತೆ ಗದ್ದೆ ಕಳೆ ಕೀಳಾಕೆ ಬರ್ತಿದ್ದೆ. ಮಧ್ಯಾಹ್ನ ಹಿಂದಿನ ಬಾಗಿಲಾಗೆ ಬೊಗಸೆ ಒಡ್ಡಿ ನಿಲ್ತಿದ್ವಿ. ನಿಮ್ಮತ್ತೆ ಮುಟ್ಟದಂಗೆ ಮೇಲಿಂದ ಮಜ್ಜಿಗೆ ಹುಯ್ಯೋರು."

ನನಗೆ ನಾಚಿಕೆಯಾಯಿತು. ಬೇಸಿಗೆ ರಜೆಯಲ್ಲೆಲ್ಲ ಅದೇ ಮನೆಯಲ್ಲಿ ಉಂಡು ಬೆಳೆದವನು ನಾನು. ಆ ಬೊಗಸೆಗಳನ್ನು ನೋಡಿದ್ದೆ, ನೋಡಿ ಆಟಕ್ಕೆ ಓಡಿದ್ದೆ.

ಅತ್ತೆ ಮೇಷ್ಟ್ರನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿ, ಬೆಳ್ಳಿ ಲೋಟದಲ್ಲಿ ಕೇಸರಿ ಹಾಕಿದ ಹಾಲು ತಂದು ಕೈಗೇ ಕೊಟ್ಟರು. ಮೇಷ್ಟ್ರು ಲೋಟ ಹಿಡಿದರು, ತುಟಿಗೆ ಒಯ್ಯಲಿಲ್ಲ. ಅತ್ತೆಯ ಮುಖ ಸಣ್ಣದಾಯಿತು.

"ಯಾಕ್ರಿ, ನಮ್ಮನೆ ಹಾಲು ಕುಡಿಯಾಕೆ ಮನಸ್ಸು ಬರವಲ್ದೇನು? ಹಳೇದೆಲ್ಲ ಇನ್ನೂ ಹೊಟ್ಟೆಯಾಗೆ ಇಟ್ಕೊಂಡೀರಾ?"

"ಅಜ್ಜಿ, ಸಾರ್‌ಗೆ ಲ್ಯಾಕ್ಟೋಸ್ ಆಗಲ್ಲ," ಎಂದಳು ಕಲ್ಪನಾ.

"ಸುಮ್ನಿರೆ! ಹಾಲು ಆಗದಿರೋ ಮನುಷ್ಯ ಎಲ್ಲಿರ್ತಾನೆ?"

ಮಜ್ಜಿಗೆ ಕೊಡು ಎನ್ನಲು ಬಾಯಿ ತೆರೆದೆ. ಆದರೆ ಆ ಮನೆಯಲ್ಲಿ ಅವರಿಗೆ ಮಜ್ಜಿಗೆ ಕೊಡಿಸಲು ನನಗೆ ಯಾವ ಮುಖವಿತ್ತು? ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ, ಬಿಟ್ಟರೆ ಅತ್ತೆಯ ಮನಸ್ಸು ಮುರಿಯುತ್ತದೆ. ಮೇಷ್ಟ್ರು ಲೋಟವನ್ನು ನಿಧಾನವಾಗಿ ಟೀಪಾಯಿಯ ಮೇಲಿಟ್ಟರು.

"ಹಳೇದು ನೆನಪೈತ್ರಮ್ಮ, ಇಲ್ಲ ಅನ್ನಾಕೆ ಆಗಲ್ಲ. ಆದ್ರೆ ಹಾಲು ನಿಜವಾಗ್ಲೂ ನನಗೆ ಆಗಲ್ರಿ. ಮಜ್ಜಿಗೆ ಇದ್ರೆ ಕೊಡ್ರಿ."

ಅತ್ತೆ ಒಳಗೆ ಹೋಗಿ ಚೊಂಬಿನಲ್ಲಿ ಮಜ್ಜಿಗೆಯನ್ನೂ ಇನ್ನೊಂದು ಬೆಳ್ಳಿ ಲೋಟವನ್ನೂ ತಂದರು. ಲೋಟಕ್ಕೆ ಹುಯ್ಯಲು ಚೊಂಬು ಎತ್ತಿದ್ದೇ ತಡ, ಮೇಷ್ಟ್ರ ಎರಡೂ ಕೈ ತೊಡೆಯ ಮೇಲಿಂದ ಎದ್ದು ಬೊಗಸೆಯಾದವು. ಇಪ್ಪತ್ತಾರು ವರ್ಷ ಸರ್ವಿಸ್ ಆದ ಮನುಷ್ಯ. ತಮ್ಮ ಕೈ ಎದ್ದದ್ದು ಅವರಿಗೇ ಗೊತ್ತಾಗಲಿಲ್ಲ.

ಅತ್ತೆ ಆ ಬೊಗಸೆಯನ್ನು ನೋಡಿದರು. ಅವರ ಕಣ್ಣು ತುಂಬಿತು. ಲೋಟ ತುಂಬಿಸಿ, ಬಾಗಿ, ಬೊಗಸೆಯೊಳಗೆ ಇಟ್ಟು, ಬೆರಳುಗಳನ್ನು ತಮ್ಮ ಕೈಯಿಂದಲೇ ಅದರ ಸುತ್ತ ಮುಚ್ಚಿದರು.

ಮೇಷ್ಟ್ರು ಎರಡು ಗುಟುಕು ಕುಡಿದು ಮೀಸೆ ಒರೆಸಿಕೊಂಡರು. ನಮ್ಮತ್ತೆಯ ಅಡುಗೆಗೆ ಹೆಸರಿಡುವ ಧೈರ್ಯ ಅವರ ಗಂಡನಿಗೂ ಇರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

"ಉಪ್ಪು ಒಂಚೂರು ಕಮ್ಮಿ ಆತ್ರಮ್ಮ," ಎಂದರು ಧರ್ಮಪ್ಪ ಮೇಷ್ಟ್ರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಉಪ್ಪು ತರಲು ಒಳಗೆ ಹೋದರು.