ಎಡಹೆಗಲಿನ ಉಪ್ಪು

ಇವತ್ತು ಬೆಳಿಗ್ಗೆ ಸಹಕಾರನಗರದ ಪಾರ್ಕಿನ ಮುಂದೆ ಸೊಪ್ಪು ಕೊಳ್ಳುತ್ತಿದ್ದಾಗ ಒಂದು ಬೀದಿಹಸು ಹಿಂದಿನಿಂದ ಬಂದು ನನ್ನ ಎಡಹೆಗಲನ್ನು ನೆಕ್ಕಿತು.

"ಅದೇನ್ ಪ್ರೀತೀನೋ ತಾತಾ, ಸೊಪ್ಪು ಬಿಟ್ಟು ನಿಮ್ಮನ್ನೇ ನೆಕ್ತದೆ!" ಎಂದು ಸೊಪ್ಪಿನಾಕೆ ನಕ್ಕಳು.

ಬೆವರಿನ ಉಪ್ಪಿಗೆ ಇರಬೇಕು ಎನ್ನುತ್ತೀರಿ. ನನ್ನ ಜೊತೆ ಕೆಲಸ ಮಾಡಿದವರೂ ಹಾಗೇ ಹೇಳುತ್ತಿದ್ದರು. ಆದರೆ ಬೆವರು ಎರಡು ಹೆಗಲಿಗೂ ಬರುತ್ತದಲ್ಲ? ಇಷ್ಟು ವರ್ಷದಲ್ಲಿ ಒಂದು ಹಸುವೂ ನನ್ನ ಬಲಹೆಗಲನ್ನು ಮುಟ್ಟಿಲ್ಲ. ಕಾರಣ ನನಗೆ ಗೊತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಿದ್ದದ್ದು ಕೊಡಿಗೇಹಳ್ಳಿಯಲ್ಲಿ. ನಾವು ಎಂದರೆ ನಾನು, ನನ್ನನ್ನು ಸಾಕಿದ ವಿಧವೆ ಅಕ್ಕ, ಗೌರಿ ಎಂಬ ಒಂದು ಹಸು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಇಡೀ ಬೀದಿಗೆ ಪಂಡಿತನಾಗಿದ್ದೆ. ಹೆಬ್ಬಾಳದಲ್ಲಿ ದನದ ಆಸ್ಪತ್ರೆಯ ಸಹಾಯಕರಿಗೆ ಒಂದು ವರ್ಷದ ತರಬೇತಿ ಇದೆಯೆಂದು ಕೇಳಿ ಅಲ್ಲಿನ ಕಾಂಪೌಂಡರರನ್ನು ವಿಚಾರಿಸಿದೆ.

"ಫೀಸು, ಊಟ, ಎರಡು ಜೊತೆ ಖಾಕಿ, ಎಲ್ಲಾ ಸೇರಿ ನೂರೈವತ್ತು ಆಗ್ತದೆ ಕಣಯ್ಯ. ಆಮೇಲೆ ಸಂಬಳ ಅರವತ್ತು. ಯಶವಂತಪುರದ ಕಾರ್ಖಾನೇಲಾದ್ರೆ ನಾಳೆಯಿಂದ್ಲೇ ಎಂಬತ್ತು ಸಿಗ್ತದೆ. ಆದ್ರೆ ಇದು ಸರ್ಕಾರದ್ದು. ಸಾಯೋವರ್ಗೂ ಪೆನ್ಷನ್ನು."

ಹಳೆಯ ಪ್ರಶ್ನೆಪತ್ರಿಕೆಯ ಹಿಂದೆ ಗೆರೆ ಎಳೆದು ಒಂದು ಕಡೆ ಖರ್ಚು, ಇನ್ನೊಂದು ಕಡೆ ಸಂಬಳ ಬರೆದೆ. ಗೌರಿಯನ್ನು ಮಾರಿದರೆ ಲೆಕ್ಕ ಸರಿಹೋಗುತ್ತಿತ್ತು. ಅಕ್ಕ ಬಗ್ಗಿ ನೋಡಿ, "ಗೌರಿ ಹೋದ್ಮೇಲೆ ಅಕ್ಕ ಏನ್ ಕುಡೀತಾಳೆ ಅಂತ ಬರ್ದಿದೀಯೇನೋ ಇದ್ರಲ್ಲಿ?" ಎಂದು ನಕ್ಕಳು. ಆಮೇಲೆ, "ಮಾರು. ಕರು ಸತ್ತಿರೋದನ್ನ ಮಾತ್ರ ಹೇಳೇ ಮಾರು," ಎಂದಳು.

ಕರು ಸತ್ತು ತಿಂಗಳಾಗಿತ್ತು. ಕರು ಎದುರಿಗಿಲ್ಲದೆ ಗೌರಿ ಹಾಲು ಇಳಿಸುತ್ತಿರಲಿಲ್ಲ. ಅಂಥ ಹಸುಗಳಿಗೆ ಆಗ ಎಲ್ಲರೂ ಮಾಡುತ್ತಿದ್ದುದನ್ನೇ ನಾವೂ ಮಾಡಿದ್ದೆವು. ಸತ್ತ ಕರುವಿನ ತೊಗಲಿಗೆ ಉಪ್ಪು ಹಚ್ಚಿ ಒಣಗಿಸಿ, ಹುಲ್ಲು ತುಂಬಿ, ಹೊಲಿದು ಅವಳ ಮುಂದೆ ನಿಲ್ಲಿಸುತ್ತಿದ್ದೆವು. ಅವಳು ಅದನ್ನು ನೆಕ್ಕುತ್ತ ನಿಂತಾಗ ಅಕ್ಕ ಹಾಲು ಕರೆಯುತ್ತಿದ್ದಳು. ಕಣ್ಣಿನ ಜಾಗದಲ್ಲಿ ಎರಡು ತೂತುಗಳಿದ್ದವು. ನಾನು ಆ ಕಡೆ ನೋಡುತ್ತಿರಲಿಲ್ಲ.

ಕರುವಿಲ್ಲದ ಹಸುವಿಗೆ ಅರ್ಧ ಬೆಲೆ. ಕೊಳ್ಳಲು ಚಿಕ್ಕಜಾಲದಿಂದ ಬಂದ ಮುನಿಯಣ್ಣನೆಂಬ ಮುದುಕನ ಕಣ್ಣಿಗೆ ಪೊರೆ ಬಂದಿತ್ತು. ಮಂಜು ಕವಿದ ಬೆಳಗು. ಅಕ್ಕ ನೀರಿಗೆ ಹೋಗಿದ್ದಳು. ಕೊಟ್ಟಿಗೆಯ ಮಬ್ಬಿನಲ್ಲಿ ನಾನು ಹುಲ್ಲಿನ ಕರುವಿನ ಹಿಂದೆ ಕೂತು, ಅದು ಮಿಸುಕಾಡುವಂತೆ ಮೊಣಕಾಲಿನಿಂದ ನೂಕುತ್ತ ಹಾಲು ಕರೆದು ತೋರಿಸಿದೆ. "ಕರು ಎಳೇದು ತಾತ, ಅಷ್ಟು ದೂರ ನಡೆಯಲ್ಲ. ನಾಳೆ ನಾನೇ ಗಾಡೀಲಿ ತರ್ತೀನಿ," ಎಂದೆ. ಅವನು ಪೂರ್ತಿ ದುಡ್ಡು ಕೊಟ್ಟು ಗೌರಿಯನ್ನು ಹೊಡೆದುಕೊಂಡು ಹೋದ. ಮಧ್ಯಾಹ್ನದೊಳಗೆ ನಾನು ಹೆಬ್ಬಾಳದಲ್ಲಿ ಫೀಸು ಕಟ್ಟಿದ್ದೆ.

"ಹೇಳ್ದೆ ತಾನೆ?" ಎಂದಳು ಅಕ್ಕ.

"ಹೇಳ್ದೆ."

ಮೂರನೆಯ ದಿನ ಸಂಜೆ ಗೌರಿ ತಾನಾಗಿಯೇ ಬಂದು ಕೊಟ್ಟಿಗೆಗೆ ನುಗ್ಗಿ ಆ ತೊಗಲನ್ನು ನೆಕ್ಕತೊಡಗಿದಳು. ಏದುಸಿರು ಬಿಡುತ್ತ ಹಿಂದೆಯೇ ಬಂದ ಮುನಿಯಣ್ಣ ತಡವಿಕೊಂಡು ಹೋಗಿ ಕರುವಿನ ಬೆನ್ನ ಮೇಲೆ ಕೈಯಿಟ್ಟ.

"ಅಲ್ಲ ಕಣಪ್ಪಾ, ಇದ್ಯಾಕೆ ಇಂಗೆ ತಣ್ಣಗೈತೆ?"

ಅಕ್ಕ ನನ್ನ ಕಡೆ ನೋಡದೆ ಅವನಿಗೆ ಒಂದು ಚೊಂಬು ನೀರು ತಂದುಕೊಟ್ಟಳು.

"ದುಡ್ಡು?" ಎಂದ.

"ಫೀಸು ಕಟ್ಬಿಟ್ಟೆ ತಾತ."

"ನನ್ ಮೊಮ್ಮಗಳು ಮೂರು ದಿನದಿಂದ ಲೋಟ ಇಡ್ಕೊಂಡು ಕುಂತೈತೆ. ಎತ್ಕೋ ಇದನ್ನ. ಇದ್ರ ಇಂದೇನೆ ಹಸ ಬತ್ತದೆ."

ಎಡಹೆಗಲ ಮೇಲೆ ಹೊತ್ತುಕೊಂಡು ಹೊರಟೆ. ಗೌರಿ ನನ್ನ ಹಿಂದೆ, ಅವಳ ಬಾಲ ಹಿಡಿದು ಮುದುಕ. ದಾರಿಯುದ್ದಕ್ಕೂ ಅವಳು ಆ ತೊಗಲನ್ನೂ ನನ್ನ ಅಂಗಿಯನ್ನೂ ಸೇರಿಸಿ ನೆಕ್ಕುತ್ತಿದ್ದಳು. ಯಲಹಂಕ ದಾಟಿದ ಮೇಲೆ ಹುಲ್ಲಿನ ಹೊರೆ ಯಾಕೋ ಭಾರವಾಯಿತು. ಕತ್ತಿನ ಮೇಲೆ ಬೆಚ್ಚಗಿನ ಉಸಿರು ಬಿತ್ತು, ಎಳೆಯದು, ಹಾಲಿನ ವಾಸನೆಯದು. ಗೌರಿಯ ಉಸಿರೆಂದುಕೊಂಡು ತಿರುಗಿ ನೋಡಿದೆ. ಗೌರಿ ಬಹಳ ಹಿಂದೆ, ರಸ್ತೆ ಬದಿಯ ಗುಂಡಿಯಲ್ಲಿ ನೀರು ಕುಡಿಯುತ್ತಿದ್ದಳು. ಉಸಿರು ನಿಲ್ಲಲಿಲ್ಲ.

ಚಿಕ್ಕಜಾಲದಲ್ಲಿ ಅದನ್ನು ಇಳಿಸಿದಾಗ ಮುನಿಯಣ್ಣ ಹೇಳಿದ್ದು ಒಂದೇ ಮಾತು: "ಓಗಪ್ಪ, ಕಲ್ತ್ಕೋ. ನಮ್ಮನೆ ದನಕ್ ಮಾತ್ರ ಬರ್ಬೇಡ."

ಹೋಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಚಿಕ್ಕಜಾಲದಿಂದ ಕರೆ ಬಂದರೆ ನನ್ನ ಸೈಕಲ್ಲು ತಪ್ಪದೆ ಪಂಕ್ಚರಾಗುತ್ತಿತ್ತು. ಮೊದಲ ಸಂಬಳ ತಂದು, ಹಸು ಕೊಂಡುಕೊಡ್ತೀನಿ ಎಂದರೆ ಅಕ್ಕ "ಬೇಡ ಕಣೋ" ಎಂದಳು. ಸಾಯುವವರೆಗೂ ಕರಿಕಾಫಿಯನ್ನೇ ಕುಡಿದಳು. ಪೆನ್ಷನ್ನು ಈಗಲೂ ಬರುತ್ತದೆ. ಕಾಂಪೌಂಡರರ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಇಷ್ಟು ವರ್ಷವೂ ಹಸು ನೆಕ್ಕಿದೊಡನೆ ಸರಿದು ನಿಲ್ಲುತ್ತಿದ್ದೆ. ಇವತ್ತು ಯಾಕೋ ಚೀಲ ಕೆಳಗಿಟ್ಟು ಅಲ್ಲೇ ನಿಂತೆ. ಅದು ಬಹಳ ಹೊತ್ತು ನೆಕ್ಕಿತು.

"ಕರು ಸತ್ತಿತ್ತು," ಎಂದೆ.

"ಏನ್ ತಾತಾ?" ಎಂದಳು ಸೊಪ್ಪಿನಾಕೆ.

"ಕರು ಸತ್ತಿತ್ತು ಕಣಮ್ಮ. ನಾನು ಹೇಳ್ಲಿಲ್ಲ."

ಹೆಗಲ ಮೇಲಿನ ನಾಲಿಗೆ ನಿಂತಿತು. ಹಸು ಮೆಲ್ಲಗೆ ನನ್ನ ಬಲಗಡೆಗೆ ಸುತ್ತಿಬಂದು, ಎಲ್ಲ ಹಸುಗಳ ಹಾಗೆ, ಬುಟ್ಟಿಯ ದಂಟಿನಸೊಪ್ಪಿಗೆ ಬಾಯಿ ಹಾಕಿತು. ಆಕೆ ಕೋಲೆತ್ತಿದಳು. "ಓಡಿಸ್ಬೇಡಮ್ಮ, ತಿನ್ಲಿ," ಎಂದೆ.