ಕಾಪಿ ಅಕ್ಕನ ಅತ್ತೆ, ಸೊಸೆ

ನಮ್ಮ ಆಸ್ಪತ್ರೆಯಲ್ಲಿ ಅವರು ಎದುರಾದರೆ ಎಲ್ಲರೂ ಕೇಳುವ ಮೊದಲ ಮಾತು, "ಅಕ್ಕಾ, ಕಾಪಿ ಆಯ್ತಾ?" ಕುಡಿಯುವ ಕಾಪಿಯೋ, ಕಂಪ್ಯೂಟರಿನ ಕಾಪಿಯೋ ಎಂಬುದು ಕೇಳಿದವರಿಗೇ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಅವರು ಮಾತ್ರ ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಡುತ್ತಿದ್ದರು: "ಒಂದು ಆಗಿದೆ, ಇನ್ನೊಂದು ಸಂಜೆಗೆ." ಹೀಗೆ ಅವರ ಹೆಸರೇ ಕಾಪಿ ಅಕ್ಕ ಆಯಿತು.

ಗೇಟಿನ ಕಾವಲುಗಾರನಿಗೆ ಇದೊಂದು ಮುಗಿಯದ ತಮಾಷೆ. "ನಾನು ಪರೀಕ್ಷೇಲಿ ಒಂದೇ ಒಂದ್ಸಲ ಕಾಪಿ ಹೊಡೆದೆ, ಕತ್ತು ಹಿಡಿದು ಆಚೆ ಹಾಕಿದ್ರು. ನೀವು ದಿನಾ ಹೊಡೀತೀರ, ಕುರ್ಚಿ ಹಾಕಿ ಕೂರಿಸಿದ್ದಾರೆ!"

"ನೀನು ಪಕ್ಕದೋನ ತಪ್ಪನ್ನೇ ಬರೆದಿರ್ತೀಯ," ಎನ್ನುತ್ತಿದ್ದರು ಅಕ್ಕ, ನಿಲ್ಲದೆ ನಡೆಯುತ್ತಲೇ.

ಅವರ ಕೆಲಸ ಹೇಳಲು ಸುಲಭ. ಆಸ್ಪತ್ರೆಗೆ ಬಂದ ಪ್ರತಿಯೊಬ್ಬರ ಹೆಸರು, ರಕ್ತದ ಗುಂಪು, ಒಗ್ಗದ ಔಷಧಿ, ಹಿಂದಿನ ಕಾಯಿಲೆ ಎಲ್ಲವೂ ಒಂದು ಡೇಟಾಬೇಸಿನಲ್ಲಿದ್ದವು. ಆ ಡೇಟಾಬೇಸ್ ಇಡಿಯಾಗಿ ಎರಡು ಸರ್ವರ್‌ಗಳಲ್ಲಿ ಇರಬೇಕು. ಒಂದು ಕೆಟ್ಟರೆ ಇನ್ನೊಂದು ಕೈ ಹಿಡಿಯಬೇಕಲ್ಲ. ಒಂದು ಸರ್ವರ್ ದಾಖಲೆ ಕೋಣೆಯ ಪಕ್ಕದಲ್ಲಿ, ಇನ್ನೊಂದು ಹಿಂದಿನ ಕಟ್ಟಡದಲ್ಲಿ, ಹಾಳು ಮಂಚಗಳನ್ನು ಒಟ್ಟಿದ ಕೋಣೆಯ ಆಚೆ. ಹೊರರೋಗಿಗಳ ಸರದಿ ಮುಗಿದ ಮೇಲೆ ಅಕ್ಕ ಒಂದರಿಂದ ಎಲ್ಲವನ್ನೂ ತೆಗೆದು ಇನ್ನೊಂದಕ್ಕೆ ಕಳಿಸಿ, ಅಲ್ಲಿ ಬಿಚ್ಚಿ ಕೂರಿಸಿ, ಎರಡನ್ನೂ ಹೋಲಿಸಿ ನೋಡಿ, ಆಮೇಲೆ ಮನೆಗೆ ಹೊರಡುತ್ತಿದ್ದರು. ಒಂದೊಂದು ಆದೇಶವನ್ನೂ ಕೈಯಿಂದಲೇ ಒತ್ತಬೇಕು.

ಬೆರಳಚ್ಚು ಮಾಡಲು ಸೇರಿದವರು, ಬೇರೆ ಯಾರೂ ಮುಂದೆ ಬಾರದ್ದರಿಂದ ಈ ಕೆಲಸ ಕಲಿತರು. ಕಲಿತದ್ದೇ ಕೊರಳಿಗೆ ಸುತ್ತಿಕೊಂಡಿತು. ಊರು ಬಿಟ್ಟು ಹೋಗುವಂತಿಲ್ಲ. ತಂಗಿಯ ಮನೆಗೆ ಹೋದರೂ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟೇ ಒಳಗೆ ಕೂರುವವರು.

ನಾನು ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಸೇರುವ ಹೊತ್ತಿಗೆ ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ಕೋಳಿ ಕಾಳು ನೋಡುವ ಹಾಗೆ ತಲೆ ವಾಲಿಸಿ ಪರದೆ ನೋಡುತ್ತಿದ್ದರು. ಮೂರು ಎಂಟಾಗಿ ಕಾಣುತ್ತಿತ್ತು. ಎಡಗಣ್ಣು ಚಿಕ್ಕಂದಿನಿಂದಲೇ ಮಂದ. ಮೇಲಿನ ಮಹಡಿಯ ಕಣ್ಣಿನ ಡಾಕ್ಟರು ಒಂದು ದಿನ ದಾಖಲೆ ಕೋಣೆಗೇ ಇಳಿದು ಬಂದರು.

"ಏನಮ್ಮಾ, ಮತ್ತೆ ಆಪರೇಷನ್ ಮುಂದಕ್ಕೆ ಹಾಕಿಸಿದ್ರಂತೆ?"

"ಆಮೇಲೆ ಪರದೆ ನೋಡೋ ಹಾಗಿಲ್ಲ ಅಂದ್ರಲ್ಲ ಸಾರ್. ಅಷ್ಟು ದಿನ ಕಾಪಿ ಯಾರು ಮಾಡ್ತಾರೆ?"

"ಪೊರೆ ಗಟ್ಟಿಯಾಗ್ತಾ ಇದೆ. ಇನ್ನೂ ಬಿಟ್ರೆ ನನಗೂ ಕಷ್ಟ, ನಿಮಗೂ ಕಷ್ಟ. ಕಣ್ಣಿಗೆ ಕಾಪಿ ಇಲ್ಲಮ್ಮಾ."

ಡಾಕ್ಟರು ಹೋದ ಮೇಲೆ ಅಕ್ಕ ತುಂಬ ಹೊತ್ತು ಕೀಲಿಮಣೆಯ ಧೂಳು ಒರೆಸುತ್ತ ಕೂತಿದ್ದರು. ನಾನು ಕುರ್ಚಿ ಎಳೆದುಕೊಂಡೆ.

"ಅಕ್ಕಾ, ನೀವು ಮಾಡೋದನ್ನೆಲ್ಲ ಹೇಳಿ. ಕಂಪ್ಯೂಟರ್ ತಾನೇ ಮಾಡೋ ಹಾಗೆ ಆದೇಶಗಳನ್ನೆಲ್ಲ ಜೋಡಿಸಿ ಒಂದು ಸ್ಕ್ರಿಪ್ಟ್ ಬರೀತೀನಿ."

"ತಾನೇ ಮಾಡುತ್ತೆ, ಸರಿ. ತಪ್ಪಿದ್ರೆ ತಾನೇ ಅಳುತ್ತಾ?"

"ಅಳೋ ಹಾಗೂ ಬರೀತೀನಿ. ಆಯ್ತು ಅಂದ್ರೂ ಫೋನಿಗೆ ಸಂದೇಶ, ನಿಂತ್ರೂ ಸಂದೇಶ. ಏನೂ ಬರದಿದ್ರೆ ಕೆಟ್ಟಿದೆ ಅಂತಾನೇ ತಿಳ್ಕೊಳ್ಳಿ."

ಅದು ಅವರಿಗೆ ಹಿಡಿಸಿತು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಯಾವುದರಿಂದ ಯಾವುದಕ್ಕೆ ಎಂದು ಕೇಳಿದ್ದಕ್ಕೆ ತಡೆಯದೆ ಉತ್ತರ ಬಂತು: "ಅತ್ತೆಯಿಂದ ಸೊಸೆಗೆ."

ಮೊದಲು ಬಂದ ಸರ್ವರಿಗೆ ಅತ್ತೆ, ಆಮೇಲೆ ಬಂದದ್ದಕ್ಕೆ ಸೊಸೆ ಎಂದು ಅವರೇ ಚೀಟಿ ಅಂಟಿಸಿದ್ದರು. ನಾನೂ ಎರಡು ಕಟ್ಟಡಗಳಿಗೆ ಹೋಗಿ ಚೀಟಿ ನೋಡಿ ಬಂದೆ. ಅತ್ತೆ ಕೊಡುವವಳು, ಸೊಸೆ ಪಡೆಯುವವಳು ಎಂದು ಬರೆದೆ. ಜೊತೆಗೊಂದು ಕಾವಲು ಸೇರಿಸಿದೆ: ಪಡೆಯುವ ಕಡೆ ಕೊಡುವ ಕಡೆಗಿಂತ ಹೊಸ ದಾಖಲೆ ಇದ್ದರೆ ಏನನ್ನೂ ಮುಟ್ಟದೆ ನಿಲ್ಲು. ಕಾಲುವೆಗೆ ನೀರು ಬಿಡುವ ಮೊದಲು ಇಳಿಜಾರು ಎತ್ತ ಇದೆ ಎಂದು ನೋಡದೆ ನಮ್ಮೂರಲ್ಲಿ ಯಾರೂ ಗುದ್ದಲಿ ಹಾಕುವುದಿಲ್ಲ.

ಮೊದಲ ಸಲ ಓಡಿಸುವ ಸಂಜೆ ಅಕ್ಕನ ಮನೆಯ ನಿಜವಾದ ಅತ್ತೆಯೂ ಬಂದು ಬಾಗಿಲ ಬಳಿ ಕೂತಿದ್ದರು. ಸೊಸೆಯನ್ನು ಡಾಕ್ಟರ ಬಳಿ ಕರೆದೊಯ್ದು ದಿನ ಗೊತ್ತು ಮಾಡಿಸದೆ ಏಳುವುದಿಲ್ಲ ಎಂದು ಹಟ. ನಾನು ಗುಂಡಿ ಒತ್ತಿದೆ. ಮರುಕ್ಷಣವೇ ಅಕ್ಕನ ಫೋನು ಟಿಂಗ್ ಎಂದಿತು. ಅವರಿಗೆ ಓದಲಾಗದೆ ನನ್ನ ಕೈಗೆ ಕೊಟ್ಟರು.

"ನಿಲ್ಲಿಸಿದೆ. ಸೊಸೆಯ ಹತ್ತಿರ ಹೊಸದಿದೆ. ಅತ್ತೆಯದು ನಿನ್ನೆಯದು."

ಅಕ್ಕ ಫೋನು ವಾಪಸ್ ಕಿತ್ತುಕೊಂಡರು. "ನೋಡಿದ್ಯಾ? ನಾನು ಹೇಳಲಿಲ್ವಾ, ಇದು ಆಗೋ ಹೋಗೋ ಮಾತಲ್ಲ ಅಂತ. ಡಾಕ್ಟರಿಗೆ ಬೇಡ ಅಂದ್ಬಿಡ್ತೀನಿ."

ನಾನು ಕೀಲಿಮಣೆಯನ್ನು ಅವರ ಕಡೆ ತಳ್ಳಿದೆ. "ಅಕ್ಕಾ, ದಿನಾ ಮಾಡೋ ಹಾಗೆ ನೀವು ಒಮ್ಮೆ ಮಾಡಿ. ಬಾಯಿ ಬೇಡ, ಕೈ ಮಾತ್ರ."

ಅವರ ಬೆರಳುಗಳು ಓಡಿದವು. ಪರದೆಯ ಮೇಲೆ ಮೊದಲು ತೆರೆದುಕೊಂಡದ್ದು ಸೊಸೆ. ಅಕ್ಕ ತಲೆ ವಾಲಿಸಿ ನೋಡಿದರು, ಕೈ ಅಲ್ಲೇ ನಿಂತಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಅತ್ತೆ ಸುಟ್ಟುಹೋಗಿತ್ತಲ್ಲೇ! ರಿಪೇರಿಗೆ ಹೋದಾಗ ಸೊಸೆ ಮನೆ ಜವಾಬ್ದಾರಿ ಹೊತ್ತುಕೊಂಡ್ಳು. ಅತ್ತೆ ವಾಪಸ್ ಬಂದ್ಮೇಲೂ ಬಿಟ್ಟುಕೊಡಲೇ ಇಲ್ಲ. ಹೊಸ ದಾಖಲೆ ಎಲ್ಲ ಈಗ್ಲೂ ಮೊದ್ಲು ಅವಳಲ್ಲೇ ಸೇರೋದು. ಅವತ್ತಿಂದ ನಾನು ಸೊಸೆಯಿಂದ ಅತ್ತೆಗೇ ಹಾಕ್ತಿದ್ದೀನಿ. ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ!"

ಕಾವಲು ಇಲ್ಲದಿದ್ದರೆ ಇವತ್ತು ಬಂದವರೆಲ್ಲರ ದಾಖಲೆಯ ಮೇಲೆ ನಿನ್ನೆಯದು ಕೂತುಬಿಡುತ್ತಿತ್ತು. ಬಾಗಿಲ ಬಳಿಯಿಂದ ಹಿರಿಯರ ದನಿ ಕೇಳಿಸಿತು:

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿಮ್ಮ ಡಬ್ಬಕ್ಕೂ ಗೊತ್ತು ಅದು. ಈಗಾದ್ರೂ ನಡಿ, ಕಣ್ಣು ತೋರಿಸೋಣ."

"ಇರಿ ಅತ್ತೆ, ಇನ್ನೊಂದ್ಸಲ ನೋಡ್ಬಿಡ್ತೀನಿ."

ನಾನು ದಿಕ್ಕು ತಿರುಗಿಸಿ, ಮತ್ತೆ ಪರೀಕ್ಷಿಸಿ, ಗುಂಡಿ ಒತ್ತಿದೆ. ಸ್ಕ್ರಿಪ್ಟು ಸೊಸೆಯಿಂದ ಎಲ್ಲವನ್ನೂ ತೆಗೆಯಿತು, ಅತ್ತೆಯೊಳಗೆ ಹಳೆಯದರ ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಇಟ್ಟಿತು, ಹೋಲಿಸಿ ನೋಡಿತು, ಸರಿಯಿದೆ ಎಂದಾದ ಮೇಲಷ್ಟೇ ಹಳೆಯದರ ಜಾಗದಲ್ಲಿ ಹೊಸದನ್ನು ಕೂರಿಸಿತು. ಅಷ್ಟು ಹೊತ್ತೂ ಅಕ್ಕ ಕೈಗಳನ್ನು ಸೆರಗಿನೊಳಗೆ ಬಿಗಿಹಿಡಿದು ಕೂತಿದ್ದರು. ಟಿಂಗ್ ಎಂದಾಗ ನಾನು ಓದಿದೆ: "ಕಾಪಿ ಆಯ್ತು."

ಅವರು ಉಸಿರು ಬಿಟ್ಟ ರೀತಿ ನೋಡಿದರೆ ಎಷ್ಟೋ ವರ್ಷದಿಂದ ಹಿಡಿದಿಟ್ಟುಕೊಂಡಿದ್ದರು ಅನ್ನಿಸುತ್ತಿತ್ತು. ಹೋಗುವ ಮೊದಲು ಎರಡು ಹೊಸ ಚೀಟಿ ಬರೆಸಿ ಅಂಟಿಸಿದರು, "ಕೊಡೋದು", "ತಗೊಳ್ಳೋದು" ಎಂದು. "ಸಂಬಂಧ ಎಲ್ಲ ಬೇಡಮ್ಮ, ಕೆಲಸ ಬರೆದ್ರೆ ಸಾಕು. ಬದಲಾದ ದಿನ ಚೀಟೀನೂ ಬದಲಾಯಿಸು," ಎಂದು ನನಗೆ ತಾಕೀತು ಮಾಡಿದರು.

ಆಪರೇಷನ್ ಸುಸೂತ್ರವಾಗಿ ಆಯಿತು. ಅಕ್ಕ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದರು. ಫೋನು ಅತ್ತೆಯ ವಶವಾಯಿತು. ಸಂಜೆಯ ಸಂದೇಶ ಓದುವುದು ಅವರ ಕೆಲಸ. ಒಂದು ದಿನ ನನಗೇ ಕರೆ ಮಾಡಿದರು: "ಏನಮ್ಮಾ, ಯಾರೋ ದಿನಾ ಕಾಪಿ ಆಯ್ತು, ಕಾಪಿ ಆಯ್ತು ಅಂತ ಕಳಿಸ್ತಾರೆ. ನಮಗೂ ಒಂದು ಲೋಟ ಕಳಿಸೋಕೆ ಹೇಳು!"

ಮೊದಮೊದಲು ಅಕ್ಕ ಆ ಸಂದೇಶವನ್ನು ಮತ್ತೆ ಮತ್ತೆ ಓದಿಸುತ್ತಿದ್ದರಂತೆ. ಆಮೇಲೆ ಒಮ್ಮೆ ಓದಿದರೆ ಸಾಕಾಯಿತು. ಆಮೇಲೆ ಟಿಂಗ್ ಅಂದರೆ, "ಹೂಂ, ಗೊತ್ತಾಯ್ತು" ಎಂದು ಮಗ್ಗುಲಾಗುತ್ತಿದ್ದರಂತೆ.

ಡಾಕ್ಟರು ಕನ್ನಡಕ ತೆಗೆಸಿದ ದಿನ ಅಕ್ಕನೇ ಫೋನ್ ಮಾಡಿದರು. ತಂಗಿಯ ಮನೆಯಲ್ಲಿದ್ದರು, ಎರಡು ದಿನ ಇದ್ದು ಬರುವರಂತೆ. ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಮೂರಾಗಿಯೇ ಕಾಣುತ್ತಿದೆ ಎಂದು ಹೇಳಿ ಕೇಳಿದರು, "ಕಾಪಿ ಆಯ್ತಾ?"

"ಆಯ್ತಕ್ಕಾ. ಹೋಲಿಕೇನೂ ಸರಿ ಬಂತು. ಏನೂ ವ್ಯತ್ಯಾಸ ಇಲ್ಲ, ನಾನೇ ನೋಡ್ದೆ."

ಅತ್ತ ಕಡೆಯಿಂದ ನಗು ಕೇಳಿಸಿತು.

"ಅದಲ್ಲ ಕಣೇ. ನೀನು ಕುಡಿದ್ಯಾ ಅಂತ ಕೇಳಿದ್ದು."